ಪಾಟೀಸವಾಲಿಗೆ ನಿಲ್ಲುವ ಪತ್ತೇದಾರಿಕೆ

ಖಾಸಗಿ ಪತ್ತೇದಾರರ ದಿನದ ಬಹುಪಾಲು ಕಾಯುವುದರಲ್ಲಿ ಮತ್ತು ಬರೆಯುವುದರಲ್ಲಿ ಕಳೆಯುತ್ತದೆ. ಬರುವ ಕೇಸುಗಳೂ ಮೇಲ್ನೋಟಕ್ಕೆ ಸಪ್ಪೆಯಾದವೇ. ಬೆನ್ನುನೋವೆಂದು ವಿಮೆ ಹಣ ಕೇಳಿದವರು ನಿಜಕ್ಕೂ ಹೇಗೆ ಓಡಾಡುತ್ತಿದ್ದಾರೆ? ಸಾಲ ಕಟ್ಟದೆ ವಿಳಾಸ ಬದಲಿಸಿದವರು ಈಗ ಎಲ್ಲಿದ್ದಾರೆ? ಪಾಲುದಾರಿಕೆಗೆ ಬಂದ ಕಂಪನಿಯ ನಿರ್ದೇಶಕರು ಈ ಹಿಂದೆ ಏನೇನು ನಡೆಸಿ ಮುಚ್ಚಿದ್ದಾರೆ? ಅಪಘಾತವನ್ನು ಕಣ್ಣಾರೆ ಕಂಡವರು ಯಾರು? ಸಮನ್ಸ್ ತಪ್ಪಿಸಿಕೊಳ್ಳುತ್ತಿರುವವರ ಕೈಗೆ ಅದನ್ನು ಮುಟ್ಟಿಸುವುದು ಹೇಗೆ? ದಾಂಪತ್ಯದ ಅನುಮಾನಗಳೂ ಬರುತ್ತವೆ. ಹೊರಗಿನವರ ಕಣ್ಣಿಗೆ ಈ ವೃತ್ತಿ ಎಂದರೆ ಅದೊಂದೇ, ಅಷ್ಟೆ.

ಈ ಎಲ್ಲ ಕೇಸುಗಳಿಗೂ ಅನ್ವಯಿಸುವ ಒಂದು ಮಾತಿದೆ. ನೀವು ಬರೆದ ವರದಿಯನ್ನು ಅಕ್ಷರ ಅಕ್ಷರ ಬಿಡದೆ ಓದುವವರು ಹಣ ಕೊಟ್ಟ ಕ್ಲೈಂಟ್ ಅಲ್ಲ, ಎದುರು ಪಕ್ಷದ ವಕೀಲರು. ಕ್ಲೈಂಟ್ ಕೊನೆಯ ಪುಟ ಓದಿ ಫೋನ್ ಮಾಡುತ್ತಾರೆ. ವಕೀಲರು ಮೊದಲ ಪುಟದಿಂದ ಶುರುಮಾಡಿ, ಸಮಯ ಎಲ್ಲಿ ತಪ್ಪಿದೆ, ಹೆಸರು ಎಲ್ಲಿ ಎರಡು ರೀತಿ ಬರೆದಿದೆ, ಇಪ್ಪತ್ತು ನಿಮಿಷ ಎಲ್ಲಿ ಮಾಯವಾಗಿದೆ ಎಂದು ಹುಡುಕುತ್ತಾರೆ. ದಿನನಿತ್ಯ ಎದುರಾಗುವ ಸಣ್ಣಪುಟ್ಟ ತೀರ್ಮಾನಗಳನ್ನೆಲ್ಲ, ಕಾರು ಎಲ್ಲಿ ನಿಲ್ಲಿಸಬೇಕು ಎನ್ನುವುದರಿಂದ ಹಿಡಿದು ಯಾವ ಕೇಸು ಬಿಡಬೇಕು ಎನ್ನುವವರೆಗೆ, ಆ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡೇ ತೆಗೆದುಕೊಳ್ಳಬೇಕು.

ಬಿಡಬೇಕಾದ ಕೇಸುಗಳಿಂದಲೇ ಶುರುಮಾಡೋಣ. ಏಕೆಂದರೆ ಈ ವೃತ್ತಿಯಲ್ಲಿ ಆಗುವ ಅತಿ ದೊಡ್ಡ ಹಾನಿ ಆಗುವುದು ಇಲ್ಲೇ. ‘ಹಳೆಯ ಗೆಳತಿ, ಸಂಪರ್ಕ ತಪ್ಪಿಹೋಗಿದೆ, ವಿಳಾಸ ಹುಡುಕಿಕೊಡಿ’ ಎಂದು ಬರುವವರಲ್ಲಿ ಹೆಚ್ಚಿನವರು ಹೇಳುವುದು ನಿಜವೇ ಇರಬಹುದು. ಆದರೆ 1989ರಲ್ಲಿ ಅಮೆರಿಕದ ನಟಿ ರೆಬೆಕಾ ಶೇಫರ್ ಅವರನ್ನು ಮನೆ ಬಾಗಿಲಲ್ಲೇ ಕೊಂದವನಿಗೆ ಅವರ ವಿಳಾಸ ಸಿಕ್ಕಿದ್ದು ಒಬ್ಬ ಖಾಸಗಿ ಪತ್ತೇದಾರರ ಮೂಲಕ, ವಾಹನ ನೋಂದಣಿ ಇಲಾಖೆಯ ದಾಖಲೆಯಿಂದ. ಚಾಲಕರ ವೈಯಕ್ತಿಕ ಮಾಹಿತಿಯನ್ನು ಕಾಪಾಡುವ ಕಾನೂನನ್ನು ಅಮೆರಿಕ 1994ರಲ್ಲಿ ತಂದುದಕ್ಕೆ ಆ ಕೊಲೆಯೂ ಒಂದು ಕಾರಣ. 1999ರಲ್ಲಿ ಮತ್ತೊಬ್ಬ ಯುವತಿಯನ್ನು ಬಹುಕಾಲದಿಂದ ಬೆನ್ನುಬಿದ್ದಿದ್ದವನೊಬ್ಬ ಆಕೆ ಕೆಲಸ ಮಾಡುತ್ತಿದ್ದ ಜಾಗದ ಹೊರಗೆ ಕೊಂದ. ಆ ಜಾಗದ ವಿಳಾಸವನ್ನು ಅವನಿಗೆ ಮಾರಿದ್ದು ಇಂಟರ್ನೆಟ್ಟಿನಲ್ಲಿ ಮಾಹಿತಿ ಮಾರುತ್ತಿದ್ದ ಒಂದು ಪತ್ತೇದಾರಿ ಸಂಸ್ಥೆ. ಮಾಹಿತಿ ಮಾರುವ ಪತ್ತೇದಾರರಿಗೆ, ಆ ಮಾಹಿತಿ ಯಾರಿಗೆ ಸೇರಿದ್ದೋ ಅವರ ಬಗ್ಗೆಯೂ ಎಚ್ಚರದ ಹೊಣೆ ಇದೆ ಎಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಸುಪ್ರೀಂ ಕೋರ್ಟ್ 2003ರಲ್ಲಿ ಹೇಳಿತು. ಈ ಎರಡು ಪ್ರಕರಣಗಳನ್ನು ಓದದೆ ಯಾರೂ ಜನರನ್ನು ಹುಡುಕುವ ಕೆಲಸಕ್ಕೆ ಇಳಿಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾಗಿ ಮೊದಲ ಭೇಟಿಯಲ್ಲೇ ಕ್ಲೈಂಟ್‌ನ ಗುರುತಿನ ಚೀಟಿಯ ಪ್ರತಿ ತೆಗೆದುಕೊಳ್ಳಿ. ಏಕೆ ಬೇಕು, ಸಿಕ್ಕರೆ ಏನು ಮಾಡುತ್ತೀರಿ, ಈ ಮೊದಲು ಬೇರೆ ಯಾರಿಗಾದರೂ ಈ ಕೆಲಸ ಒಪ್ಪಿಸಿದ್ದಿರಾ, ಅವರೇಕೆ ಬಿಟ್ಟರು ಎಂದು ಕೇಳಿ. ಇಬ್ಬರ ನಡುವೆ ಕೋರ್ಟ್ ಕೇಸು, ರಕ್ಷಣಾ ಆದೇಶ (ಒಬ್ಬರು ಇನ್ನೊಬ್ಬರ ಹತ್ತಿರ ಬರಬಾರದೆಂಬ ಕೋರ್ಟಿನ ಆದೇಶ) ಏನಾದರೂ ಇದೆಯೇ ಎಂದು ಅವರ ಬಾಯಿಮಾತು ನಂಬದೆ ದಾಖಲೆಯಲ್ಲೇ ನೋಡಿ. ಎಲ್ಲವೂ ಸರಿ ಕಂಡರೂ ಹುಡುಕಿದ ವ್ಯಕ್ತಿಯ ವಿಳಾಸವನ್ನು ನೇರವಾಗಿ ಕೈಗಿಡಬೇಡಿ. ಮೊದಲು ಆ ವ್ಯಕ್ತಿಯನ್ನೇ ಸಂಪರ್ಕಿಸಿ, ‘ಇಂಥವರು ನಿಮ್ಮನ್ನು ಹುಡುಕುತ್ತಿದ್ದಾರೆ, ನಿಮ್ಮ ವಿವರ ಕೊಡಬಹುದೇ?’ ಎಂದು ಕೇಳಿ. ಬೇಡ ಎಂದರೆ ‘ವ್ಯಕ್ತಿ ಸಿಕ್ಕಿದ್ದಾರೆ, ಕ್ಷೇಮವಾಗಿದ್ದಾರೆ, ಸಂಪರ್ಕ ಬಯಸುತ್ತಿಲ್ಲ’ ಎಂಬಷ್ಟೇ ವರದಿ. ಇದನ್ನು ಮೊದಲೇ ಒಪ್ಪಂದದಲ್ಲಿ ಬರೆದಿಟ್ಟಿದ್ದರೆ ಕೊನೆಯಲ್ಲಿ ಜಗಳ ಬರುವುದಿಲ್ಲ. ಈ ಷರತ್ತು ಕೇಳಿದ ಕೂಡಲೇ ಎದ್ದು ಹೋಗುವ ಕ್ಲೈಂಟ್ ಹೋಗಲಿ ಬಿಡಿ. ಸಾಲ ವಸೂಲಿ, ಸಮನ್ಸ್ ಜಾರಿಯಂಥ ಕೇಸುಗಳ ದಾರಿ ಬೇರೆ. ಅಲ್ಲಿ ವಿವರ ಹೋಗುವುದು ವಕೀಲರ ಕಚೇರಿಗೆ, ಕೇಸಿನ ಸಂಖ್ಯೆಯ ಜೊತೆಗೆ.

ಒಪ್ಪಂದದಲ್ಲಿ ಬೇಕಾದದ್ದು ಬಹಳ ಇಲ್ಲ. ಏನನ್ನು ತಿಳಿಯಬೇಕು ಎಂಬುದು ಒಂದೇ ವಾಕ್ಯದಲ್ಲಿ, ಎಷ್ಟು ಗಂಟೆ ಮೀರಬಾರದು, ಮುಂಗಡ ಎಷ್ಟು, ವರದಿ ಯಾರ ಕೈಗೆ ಹೋಗಬೇಕು, ಮತ್ತು ಇಂಥದ್ದೇ ಫಲಿತಾಂಶ ಬರುತ್ತದೆ ಎಂಬ ಖಾತರಿ ಇಲ್ಲ ಎಂಬ ಮಾತು. ಕೊನೆಯದನ್ನು ದಪ್ಪ ಅಕ್ಷರದಲ್ಲಿ ಹಾಕಿ. ಮೂರು ದಿನ ಕಾದು ಏನೂ ಸಿಗದಿದ್ದರೆ ಅದೂ ಒಂದು ಉತ್ತರವೇ. ‘ಹಣ ಕೊಟ್ಟಿದ್ದೇನೆ, ಏನಾದರೂ ಹುಡುಕಿಕೊಡಿ’ ಎಂಬ ಒತ್ತಡಕ್ಕೆ ಮಣಿದಾಗಲೇ ಇಲ್ಲದ್ದು ಇದ್ದಂತೆ ವರದಿಯೊಳಗೆ ನುಸುಳುತ್ತದೆ. ಇನ್ನೊಂದು ಷರತ್ತನ್ನು ದಾಂಪತ್ಯದ ಕೇಸುಗಳಲ್ಲಿ ತಪ್ಪದೆ ಸೇರಿಸಬೇಕು: ಕೆಲಸ ನಡೆಯುತ್ತಿರುವಾಗ ಸ್ಥಳದ ಮಾಹಿತಿ ಕೊಡಲಾಗುವುದಿಲ್ಲ. ‘ಈಗ ಎಲ್ಲಿದ್ದಾರೆ?’ ಎಂದು ಕ್ಲೈಂಟ್ ಹತ್ತು ಸಲ ಫೋನ್ ಮಾಡುತ್ತಾರೆ. ಒಮ್ಮೆ ಹೇಳಿದಿರೋ, ಅರ್ಧ ಗಂಟೆಯಲ್ಲಿ ಅವರೇ ಅಲ್ಲಿಗೆ ಬಂದು ನಿಂತಿರುತ್ತಾರೆ. ಆಮೇಲೆ ನಡೆಯುವುದು ಹೊಡೆದಾಟವಾಗಬಹುದು, ಅದಕ್ಕಿಂತ ಕೆಟ್ಟದ್ದೂ ಆಗಬಹುದು. ವರದಿಯನ್ನು ಮರುದಿನ ಕಚೇರಿಯಲ್ಲಿ ಕೂರಿಸಿ ಕೊಡಿ. ಸಾಧ್ಯವಾದರೆ ಅವರ ವಕೀಲರ ಮುಂದೆ.

ಲೈಸೆನ್ಸ್ ವಿಷಯ ದೇಶದಿಂದ ದೇಶಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ 6,000 ಗಂಟೆಗಳ, ಅಂದರೆ ಮೂರು ವರ್ಷಗಳ, ಸಂಬಳದ ತನಿಖಾ ಅನುಭವ ತೋರಿಸಿ ಪರೀಕ್ಷೆ ಬರೆಯಬೇಕು. ಬ್ರಿಟನ್ನಿನಲ್ಲಿ 2001ರ ಕಾನೂನಿನಲ್ಲಿ ಲೈಸೆನ್ಸಿಗೆ ಅವಕಾಶ ಮಾಡಿಟ್ಟರೂ ಖಾಸಗಿ ತನಿಖೆಗೆ ಅದನ್ನು ಜಾರಿ ಮಾಡಲಿಲ್ಲ. ಎಲ್ಲೇ ಆದರೂ ಲೈಸೆನ್ಸ್ ಎಂದರೆ ವಿಶೇಷ ಅಧಿಕಾರ ಎಂದು ತಿಳಿಯಬಾರದು. ಪತ್ತೇದಾರರಿಗೆ ಇರುವುದು ಸಾಮಾನ್ಯ ನಾಗರಿಕರ ಹಕ್ಕುಗಳಷ್ಟೇ. ಬೇರೆಯವರ ಜಾಗದೊಳಗೆ ಹೋಗುವಂತಿಲ್ಲ, ಅಂಚೆ ಬಿಚ್ಚುವಂತಿಲ್ಲ, ಪೊಲೀಸ್ ಎಂದೋ ಸರ್ಕಾರಿ ಅಧಿಕಾರಿ ಎಂದೋ ಹೇಳಿಕೊಳ್ಳುವಂತಿಲ್ಲ. ಬೇರೆಯವರ ವಾಹನಕ್ಕೆ ಜಿಪಿಎಸ್ ಟ್ರ್ಯಾಕರ್ ಅಂಟಿಸುವುದು ಬಹಳಷ್ಟು ಕಡೆ ಅಪರಾಧ.

ಸುಳ್ಳು ಹೆಸರಿನಲ್ಲಿ ಫೋನ್ ಮಾಡಿ ಮಾಹಿತಿ ಕೀಳುವ ಹಳೆಯ ಚಾಳಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಇಂದಿಗೂ ಅದನ್ನು ಚಾಣಾಕ್ಷತನ ಎಂದು ಕಲಿಸುವವರಿದ್ದಾರೆ. 2006ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಕಂಪನಿ ತನ್ನ ಆಡಳಿತ ಮಂಡಳಿಯಿಂದ ಸುದ್ದಿ ಸೋರುತ್ತಿರುವುದನ್ನು ಪತ್ತೆ ಮಾಡಲು ತನಿಖೆಗಾರರನ್ನು ನೇಮಿಸಿತು. ಅವರು ನಿರ್ದೇಶಕರ, ಪತ್ರಕರ್ತರ ಹೆಸರಿನಲ್ಲಿ ನಟಿಸಿ ಫೋನ್ ಕರೆಗಳ ದಾಖಲೆ ಪಡೆದಿದ್ದರು. ಸಂಗತಿ ಬಯಲಾದಾಗ ಕಂಪನಿಯ ಅಧ್ಯಕ್ಷೆ ರಾಜೀನಾಮೆ ಕೊಡಬೇಕಾಯಿತು. ಕರೆ ದಾಖಲೆಗಳನ್ನು ಹೀಗೆ ಪಡೆಯುವುದನ್ನು ಅಪರಾಧವಾಗಿಸುವ ಕೇಂದ್ರ ಕಾನೂನು ಅಮೆರಿಕದಲ್ಲಿ ಬೆನ್ನಹಿಂದೆಯೇ ಬಂತು. ಬ್ಯಾಂಕ್ ವಿವರಗಳ ವಿಷಯದಲ್ಲಿ ಅಂಥ ನಿಷೇಧ 1999ರಿಂದಲೇ ಇತ್ತು. ಬ್ರಿಟನ್ನಿನಲ್ಲಿ ಅರಮನೆಯ ಸಿಬ್ಬಂದಿಯ ವಾಯ್ಸ್‌ಮೇಲ್ ಕದ್ದು ಕೇಳಿದ ಖಾಸಗಿ ಪತ್ತೇದಾರರೊಬ್ಬರು 2007ರಲ್ಲಿ ಜೈಲಿಗೆ ಹೋದರು. ಕರೆ ದಾಖಲೆ, ಬ್ಯಾಂಕ್ ಬ್ಯಾಲೆನ್ಸ್, ಆಸ್ಪತ್ರೆಯ ಕಡತ ಬೇಕೆಂದರೆ ಕೋರ್ಟಿನ ಆದೇಶದ ದಾರಿ ಒಂದೇ. ಕ್ಲೈಂಟ್‌ಗೆ ಅದನ್ನು ಅವರ ವಕೀಲರ ಮೂಲಕ ಕೇಳಲು ಹೇಳಿ.

ಇನ್ನು ಮೇಜಿನ ಮೇಲಿನ ಕೆಲಸ. ಹೊರಗೆ ಕಾಲಿಡುವ ಮೊದಲು ತೆರೆದ ದಾಖಲೆಗಳನ್ನು ಮುಗಿಸಿಕೊಂಡರೆ ಎಷ್ಟೋ ದಿನಗಳ ಕಾಯುವಿಕೆ ಉಳಿಯುತ್ತದೆ. ಆಸ್ತಿ ನೋಂದಣಿ, ಕಂಪನಿ ನೋಂದಣಿ, ಕೋರ್ಟಿನ ಕೇಸುಗಳ ಪಟ್ಟಿ, ದಿವಾಳಿ ಅರ್ಜಿಗಳು, ಹಳೆಯ ಪತ್ರಿಕೆಗಳು. ಇಲ್ಲಿ ಎಡವುವುದು ಹೆಚ್ಚಾಗಿ ಹೆಸರಿನ ವಿಷಯದಲ್ಲೇ. ಅದೇ ಹೆಸರಿನ ಬೇರೆಯವರ ಕ್ರಿಮಿನಲ್ ಕೇಸನ್ನು ಒಬ್ಬರ ತಲೆಗೆ ಕಟ್ಟಿದರೆ ಅವರ ಕೆಲಸ ಹೋಗಬಹುದು, ನಿಮ್ಮ ಮೇಲೆ ಮಾನನಷ್ಟ ಮೊಕದ್ದಮೆಯೂ ಬೀಳಬಹುದು. ಹೆಸರಿನ ಜೊತೆ ಕನಿಷ್ಠ ಇನ್ನೆರಡು ಗುರುತುಗಳು, ಅಂದರೆ ಹುಟ್ಟಿದ ದಿನ, ಹಳೆಯ ವಿಳಾಸ, ತಂದೆ ತಾಯಿಯ ಹೆಸರು, ಸಹಿ, ಇಂಥವು ಕೂಡಿಬರುವವರೆಗೆ ದಾಖಲೆ ಅವರದೇ ಎಂದು ಬರೆಯಬೇಡಿ. ಇನಿಶಿಯಲ್ ಹಿಂದೆ ಮುಂದೆ ಆಗಿರುವುದು, ಮದುವೆಯ ನಂತರ ಬದಲಾದ ಹೆಸರು, ಕಾಗುಣಿತದ ನಾಲ್ಕಾರು ರೂಪಗಳು, ಎಲ್ಲವನ್ನೂ ಹಾಕಿ ಹುಡುಕಿ. 04/07 ಎಂದು ಬರೆದ ದಿನಾಂಕ ಒಂದು ದೇಶದಲ್ಲಿ ಜುಲೈ 4, ಇನ್ನೊಂದರಲ್ಲಿ ಏಪ್ರಿಲ್ 7. ನಿಮ್ಮ ವರದಿಯಲ್ಲಾದರೂ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ.

ಸಿಗದ ದಾಖಲೆಯನ್ನೂ ಬರೆದಿಡಬೇಕು. ಯಾವ ಕಚೇರಿಯ ಯಾವ ಪಟ್ಟಿ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಕಾಗುಣಿತದಲ್ಲಿ, ಎಷ್ಟು ಹೊತ್ತಿಗೆ ಹುಡುಕಿದೆ, ಏನು ಬಂತು. ‘ಇವರ ಮೇಲೆ ಯಾವ ಕೇಸೂ ಇಲ್ಲ’ ಎಂದು ಬರೆಯುವುದು ತಪ್ಪು. ‘ಇಂಥ ಕೋರ್ಟಿನ ಆನ್‌ಲೈನ್ ಪಟ್ಟಿಯಲ್ಲಿ, ಇಂಥ ವರ್ಷಗಳಲ್ಲಿ, ಈ ಹೆಸರುಗಳಲ್ಲಿ ಕಾಣಲಿಲ್ಲ’ ಎಂಬುದು ಸರಿ. ಆನ್‌ಲೈನ್ ಪಟ್ಟಿಗಳು ಎಲ್ಲ ವರ್ಷಗಳನ್ನೂ ಒಳಗೊಂಡಿರುವುದಿಲ್ಲ. ಹಳೆಯದು ಕಚೇರಿಯ ಕಪಾಟಿನಲ್ಲೇ ಇರುತ್ತದೆ.

ಸಾಮಾಜಿಕ ಜಾಲತಾಣಗಳಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ್ದನ್ನು ನೋಡಬಹುದು. ಸುಳ್ಳು ಖಾತೆಯಿಂದ ಫ್ರೆಂಡ್ ರಿಕ್ವೆಸ್ಟ್ ಕಳಿಸಿ ಒಳಗೆ ಹೋದರೆ ಮುಂದೆ ಆ ಸಾಕ್ಷ್ಯದ ಜೊತೆ ನಿಮ್ಮ ವಿಶ್ವಾಸಾರ್ಹತೆಯೂ ಹೋಗುತ್ತದೆ. ನೋಡುವಾಗಲೂ ಎಚ್ಚರ ಬೇಕು: ಇನ್‌ಸ್ಟಾಗ್ರಾಂ ಸ್ಟೋರಿ ನೋಡಿದವರ ಪಟ್ಟಿ ಹಾಕಿದವರಿಗೆ ಕಾಣುತ್ತದೆ, ಲಿಂಕ್ಡ್‌ಇನ್ ಪ್ರೊಫೈಲ್ ನೋಡಿದವರ ಸುಳಿವು ಕೊಡುತ್ತದೆ. ಬರಿಯ ಸ್ಕ್ರೀನ್‌ಶಾಟ್ ದುರ್ಬಲ, ಅದನ್ನು ಯಾರು ಬೇಕಾದರೂ ತಿದ್ದಬಹುದು. ಪುಟದ ಪೂರ್ತಿ ವಿಳಾಸ ಕಾಣುವಂತೆ ಇಡೀ ಪುಟವನ್ನು ಸೆರೆಹಿಡಿದು, ದಿನಾಂಕ ಮತ್ತು ಸಮಯ ಬರೆದು, ಫೈಲಿನ ಹ್ಯಾಶ್ ಅನ್ನು, ಅಂದರೆ ಫೈಲಿನಿಂದ ಲೆಕ್ಕಹಾಕಿ ತೆಗೆಯುವ ಗುರುತಿನ ಸಾಲನ್ನು, ಅಲ್ಲೇ ನಮೂದಿಸಿ. ಪೋಸ್ಟ್ ಹಾಕಿದ ದಿನವೇ ಫೋಟೋ ತೆಗೆದ ದಿನ ಎಂದುಕೊಳ್ಳಬೇಡಿ. ಬೆನ್ನುನೋವಿನ ಕೇಸಿನಲ್ಲಿ ಸಿಕ್ಕ ಬೆಟ್ಟ ಹತ್ತುವ ಫೋಟೋ ಐದು ವರ್ಷ ಹಳೆಯದಾಗಿರುವುದು ತೀರ ಸಾಮಾನ್ಯ.

ಕಾವಲಿಗೆ, ಅಂದರೆ ಒಬ್ಬರ ಮೇಲೆ ಕಣ್ಣಿಟ್ಟು ಕಾಯಲು, ಹೋಗುವ ಹಿಂದಿನ ದಿನ ಸ್ಥಳವನ್ನು ಒಮ್ಮೆ ನೋಡಿ ಬರಬೇಕು. ಉಪಗ್ರಹ ನಕ್ಷೆಯಲ್ಲಿ ಬೀದಿಯ ತುದಿಗಳು, ಒನ್‌ವೇ, ಹಿಂಬಾಗಿಲು, ಪಕ್ಕದ ಓಣಿ ತಿಳಿಯುತ್ತವೆ. ಹೊಸದಾಗಿ ಎದ್ದ ಗೋಡೆ, ಅಗೆದ ರಸ್ತೆ, ಕುರ್ಚಿ ಹಾಕಿಕೊಂಡು ಇಡೀ ದಿನ ಬೀದಿ ನೋಡುವ ಮನೆಯವರು, ಇವು ನಕ್ಷೆಯಲ್ಲಿ ಇರುವುದಿಲ್ಲ. ಬೆಳಿಗ್ಗೆ ಸೂರ್ಯ ಯಾವ ಕಡೆ, ಸಂಜೆ ಯಾವ ಕಡೆ ಎಂದು ಬರೆದುಕೊಳ್ಳಿ. ಸೂರ್ಯನಿಗೆ ಮುಖ ಮಾಡಿ ಚಿತ್ರೀಕರಿಸಿದರೆ ಸಬ್ಜೆಕ್ಟ್, ಅಂದರೆ ನಾವು ಗಮನಿಸುತ್ತಿರುವ ವ್ಯಕ್ತಿ, ಕಪ್ಪು ಆಕೃತಿಯಾಗಿ ಮಾತ್ರ ಕಾಣುತ್ತಾರೆ. ಮನೆಯ ಎದುರಿಗೇ ನಿಲ್ಲಬೇಡಿ. ಅವರು ಹೊರಡುವ ದಿಕ್ಕಿಗೆ ಮುಖ ಮಾಡಿ, ಬಾಗಿಲು ಅಥವಾ ವಾಹನ ಕಾಣುವಷ್ಟು ದೂರದಲ್ಲಿ ನಿಲ್ಲಿ. ಬೀದಿಯಿಂದ ಹೊರಬರುವ ದಾರಿ ಒಂದೇ ಆಗಿದ್ದರೆ ಮನೆ ಕಾಣುವುದೇ ಬೇಡ, ಆ ತಿರುವು ಕಂಡರೆ ಸಾಕು. ಕೆಲವು ಊರುಗಳಲ್ಲಿ ಠಾಣೆಗೆ ಮೊದಲೇ ತಿಳಿಸಿ ಕೂರುವ ವಾಡಿಕೆ ಇದೆ. ಅಲ್ಲಿ ಕಾರಿನ ವಿವರ ಹೇಳಿದರೆ ಸಾಕು, ಸಬ್ಜೆಕ್ಟ್ ಹೆಸರು ಹೇಳಬೇಕಾಗಿಲ್ಲ.

ಕಾರು ಕಣ್ಣಿಗೆ ಬೀಳದ ಬಣ್ಣದ್ದಿರಲಿ, ಸ್ಟಿಕ್ಕರ್ ಯಾವುದೂ ಬೇಡ. ಟ್ಯಾಂಕ್ ತುಂಬಿಸಿಕೊಂಡೇ ಹೊರಡಿ. ಮುಂದಿನ ಸೀಟುಗಳ ಹಿಂದೆ ಕಪ್ಪು ಬಟ್ಟೆ ಇಳಿಬಿಟ್ಟು ಹಿಂದಿನ ಸೀಟಿನಲ್ಲಿ ಕೂತರೆ ಹೊರಗಿನವರಿಗೆ ಕಾರು ಖಾಲಿ ಕಾಣುತ್ತದೆ. ಎಂಜಿನ್ ಆಫ್ ಇರಬೇಕು. ಹೊಗೆ, ಸದ್ದು, ಎಸಿಯಿಂದ ತೊಟ್ಟಿಕ್ಕುವ ನೀರು, ಬ್ರೇಕ್ ದೀಪ, ಎಲ್ಲವೂ ಒಳಗೆ ಯಾರೋ ಇದ್ದಾರೆ ಎಂದು ಸಾರುತ್ತವೆ. ಬಾಗಿಲು ತೆರೆದಾಗ ಹತ್ತುವ ಒಳದೀಪವನ್ನು ಮೊದಲೇ ಆರಿಸಿಡಿ. ರಾತ್ರಿ ಫೋನ್ ಪರದೆಯ ಬೆಳಕು ಮುಖದ ಮೇಲೆ ಬಿದ್ದರೆ ಬೀದಿಯ ಆ ತುದಿಗೂ ಕಾಣುತ್ತದೆ. ಮಳೆ ಚಳಿಗಳಲ್ಲಿ ಉಸಿರಿನಿಂದ ಗಾಜು ಮಂಜಾಗುತ್ತದೆ. ಎರಡು ಕಿಟಕಿಗಳನ್ನು ಒಂದು ಬೆರಳಿನಷ್ಟು ಇಳಿಸಿದರೆ ಗಾಳಿ ಆಡಿ ಗಾಜು ತಿಳಿಯಾಗಿರುತ್ತದೆ. ಬಿಸಿಲಿನದು ಇನ್ನೂ ಗಂಭೀರ. ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಯಲ್ಲೇ ಹೊರಗಿಗಿಂತ ಸುಮಾರು 20 ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಬಹುದು. ತಲೆ ಸುತ್ತಿ ಬೆವರು ನಿಂತರೆ ಕೇಸು ಬಿಟ್ಟು ಹೊರಡಿ, ಅದು ಬಿಸಿಲಾಘಾತದ ಲಕ್ಷಣ. ನೀರು, ಬ್ಯಾಟರಿ ಫ್ಯಾನ್, ಅಗಲ ಬಾಯಿಯ ಬಾಟಲಿ (ಶೌಚಕ್ಕೆಂದು ಎದ್ದುಹೋದ ಐದು ನಿಮಿಷದಲ್ಲೇ ಸಬ್ಜೆಕ್ಟ್ ಹೊರಡುತ್ತಾರೆ), ಇವು ಕ್ಯಾಮೆರಾದಷ್ಟೇ ಮುಖ್ಯವಾದ ಸಲಕರಣೆಗಳು. ಎಂಜಿನ್ ಆರಿಸಿ ಕಾರಿನ ಸಾಕೆಟ್ಟಿನಿಂದ ಚಾರ್ಜ್ ಮಾಡುತ್ತಾ ಕೂತರೆ ಹೊರಡುವ ಹೊತ್ತಿಗೆ ಕಾರೇ ಸ್ಟಾರ್ಟ್ ಆಗದಿರಬಹುದು. ಪವರ್ ಬ್ಯಾಂಕ್ ಬೇರೆಯೇ ಇರಲಿ.

ಯಾರಾದರೂ ಕಿಟಕಿ ಬಡಿದು ‘ಯಾರು ನೀವು, ಏಕೆ ನಿಂತಿದ್ದೀರಿ?’ ಎಂದರೆ ತಡವರಿಸದೆ ಕೊಡಲು ಉತ್ತರ ಸಿದ್ಧವಿರಬೇಕು. ‘ಖಾಸಗಿ ಕೆಲಸದ ಮೇಲೆ ಕಾಯುತ್ತಿದ್ದೇನೆ, ಈ ಮನೆಗೆ ಸಂಬಂಧಿಸಿದ್ದಲ್ಲ, ಬೇಕಿದ್ದರೆ ಪೊಲೀಸರಿಗೆ ತಿಳಿಸಿ’ ಎನ್ನುವಷ್ಟು ಸಾಕು. ಪೊಲೀಸರೇ ಬಂದರೆ ಕೈಗಳನ್ನು ಕಾಣುವಂತೆ ಸ್ಟೀರಿಂಗ್ ಮೇಲಿಟ್ಟು, ಗುರುತಿನ ಚೀಟಿ ತೋರಿಸಿ, ನಿಜ ಹೇಳಿ. ಯಾರ ಮೇಲೆ ಕಣ್ಣಿಟ್ಟಿದ್ದೀರಿ ಎಂಬುದನ್ನು ಬೀದಿಯಲ್ಲಿ ನಿಂತವರ ಕಿವಿಗೆ ಬೀಳುವಂತೆ ಹೇಳಬೇಡಿ.

ಕ್ಯಾಮೆರಾದ ಮಾತಿಗೆ ಬರೋಣ. ಬೇಕಾದದ್ದು ಆಪ್ಟಿಕಲ್ ಝೂಮ್, 20 ಪಟ್ಟು ಅಥವಾ ಹೆಚ್ಚು. ಡಿಜಿಟಲ್ ಝೂಮ್ ಚಿತ್ರವನ್ನು ಹಿಗ್ಗಿಸುತ್ತದೆ ಅಷ್ಟೆ, ಮುಖ ಗುರುತಿಸಲು ಬೇಕಾದ ಹೊಸ ವಿವರ ಏನನ್ನೂ ತರುವುದಿಲ್ಲ. ಅಷ್ಟು ಝೂಮಿನಲ್ಲಿ ಕೈ ನಡುಗಿದರೂ ದೃಶ್ಯ ಹಾರುತ್ತದೆ. ಮೊನೊಪಾಡ್ (ಒಂಟಿ ಕಾಲಿನ ಕ್ಯಾಮೆರಾ ಸ್ಟ್ಯಾಂಡ್) ಅಥವಾ ಕಾಳು ತುಂಬಿದ ಚೀಲದ ಮೇಲೆ ಕ್ಯಾಮೆರಾ ಊರಿ. ಆಟೋಫೋಕಸ್ ಸಬ್ಜೆಕ್ಟನ್ನು ಬಿಟ್ಟು ಗಾಜಿನ ಮೇಲಿನ ಮಳೆಹನಿಯನ್ನೋ ನಡುವಿನ ಎಲೆಯನ್ನೋ ಹಿಡಿಯುತ್ತದೆ. ಬಾಗಿಲಿಗೆ ಒಮ್ಮೆ ಫೋಕಸ್ ಮಾಡಿ ಮ್ಯಾನ್ಯುಯಲ್‌ನಲ್ಲಿ ಬಿಟ್ಟುಬಿಡಿ. ಪ್ರತಿದಿನ ಬೆಳಿಗ್ಗೆ ಕ್ಯಾಮೆರಾದ ಗಡಿಯಾರವನ್ನು ಫೋನಿನ ಸಮಯಕ್ಕೆ ಹೊಂದಿಸಿ, ಹೊಂದಿಸಿದ್ದನ್ನು ಬರೆದಿಡಿ. ಕ್ಯಾಮೆರಾ ನಾಲ್ಕು ನಿಮಿಷ ಹಿಂದಿದ್ದು, ಟಿಪ್ಪಣಿ ಫೋನ್ ನೋಡಿ ಬರೆದದ್ದಾದರೆ, ಆ ನಾಲ್ಕು ನಿಮಿಷಗಳ ಮೇಲೆಯೇ ಒಂದು ಗಂಟೆ ಪಾಟೀಸವಾಲು ನಡೆಯುತ್ತದೆ. ಮೈಕ್ ಆಫ್ ಮಾಡಿ. ಬೇರೆಯವರ ಮಾತನ್ನು ಧ್ವನಿಮುದ್ರಿಸುವುದಕ್ಕೆ ಬಹಳ ಕಡೆ ಬೇರೆಯೇ ಕಾನೂನಿದೆ. ಜೊತೆಗೆ ಕಾರಿನೊಳಗೆ ನೀವು ಆಡಿದ ಹರಟೆಯೂ ಕೋರ್ಟಿನಲ್ಲಿ ಕೇಳಿಸುತ್ತದೆ.

ಚಿತ್ರೀಕರಣಕ್ಕೂ ಒಂದು ಕ್ರಮ ಇದೆ. ಮೊದಲು ಬೀದಿ, ಮನೆ ಸಂಖ್ಯೆ ಕಾಣುವ ಅಗಲ ನೋಟ, ಆಮೇಲೆ ವ್ಯಕ್ತಿ, ಆಮೇಲೆ ಮುಖ. ಏನೂ ನಡೆಯದಿದ್ದರೂ ಗಂಟೆಗೊಮ್ಮೆ ಹತ್ತು ಸೆಕೆಂಡು ಮನೆಯನ್ನು ಚಿತ್ರೀಕರಿಸಿ, ನೀವು ಅಲ್ಲಿದ್ದಿರಿ ಎಂಬುದಕ್ಕೆ ಅದೇ ಪುರಾವೆ. ಸಬ್ಜೆಕ್ಟ್ ಕಾಣುವಷ್ಟು ಹೊತ್ತೂ ಕ್ಯಾಮೆರಾ ನಿಲ್ಲಬಾರದು. ವಿಮೆಯ ಕೇಸಿನಲ್ಲಿ ಆಸೆಗೆ ಬಿದ್ದು ಮೂಟೆ ಎತ್ತಿದ ಕ್ಷಣವನ್ನು ಮಾತ್ರ ಇಟ್ಟುಕೊಂಡು, ಎತ್ತಿದ ಮೇಲೆ ಸೊಂಟ ಹಿಡಿದು ಕೂತದ್ದನ್ನು ಬಿಟ್ಟರೆ ಅದು ಅನ್ಯಾಯ. ನೋವಿರುವವರಿಗೂ ಒಳ್ಳೆಯ ದಿನಗಳಿರುತ್ತವೆ, ಎತ್ತಿದ ಮರುದಿನ ಹಾಸಿಗೆ ಹಿಡಿದಿರಲೂಬಹುದು. ಅದಕ್ಕೇ ಒಂದು ದಿನದ ದೃಶ್ಯದಿಂದ ಏನೂ ಸಾಬೀತಾಗುವುದಿಲ್ಲ, ಬೇರೆ ಬೇರೆ ವಾರಗಳಲ್ಲಿ ಎರಡು ಮೂರು ದಿನಗಳಾದರೂ ಬೇಕು. ಸಬ್ಜೆಕ್ಟ್ ಪರವಾಗಿರುವ ದೃಶ್ಯವನ್ನೂ ಅಷ್ಟೇ ನಿಷ್ಠೆಯಿಂದ ಕೊಡುವವರೇ ನಂಬಿಕೆಗೆ ಅರ್ಹರು. ಅವರು ನಿಜವಾಗಿಯೂ ನೋವಿನಲ್ಲಿದ್ದಾರೆ ಎಂದು ತಿಳಿದುಬಂದರೆ ಅದು ವ್ಯರ್ಥವಾದ ಕೇಸಲ್ಲ, ಒಬ್ಬರಿಗೆ ಸಲ್ಲಬೇಕಾದ ಹಣ ಸಲ್ಲುವುದಕ್ಕೆ ನಿಮ್ಮ ಕೆಲಸ ಕಾರಣವಾಯಿತು.

ಸೆಕೆಂಡಿಗೆ 25 ಮೆಗಾಬಿಟ್ ದರದಲ್ಲಿ ಒಂದು ಗಂಟೆಯ ವಿಡಿಯೋ ಸುಮಾರು 11 ಜಿಬಿ ಆಗುತ್ತದೆ. 64 ಜಿಬಿ ಕಾರ್ಡಿನಲ್ಲಿ ಐದು ಗಂಟೆ ಚಿಲ್ಲರೆ. ಕೆಲವು ಕ್ಯಾಮೆರಾಗಳು 4 ಜಿಬಿ ತಲುಪಿದೊಡನೆ ಹೊಸ ಫೈಲ್ ಶುರುಮಾಡುತ್ತವೆ, ಪ್ರತಿ ಮಾಡುವಾಗ ಎಲ್ಲ ತುಂಡುಗಳೂ ಬಂದಿವೆಯೇ ನೋಡಿ. ಅದೇ ರಾತ್ರಿ ಎರಡು ಪ್ರತಿ ಮಾಡಿ, ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಹ್ಯಾಶ್ ತೆಗೆಯಿರಿ. ಅದು 64 ಅಕ್ಷರ ಮತ್ತು ಅಂಕಿಗಳ ಒಂದು ಸಾಲು. ವಿಡಿಯೋದ ಒಂದೇ ಒಂದು ಬಿಟ್ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಮೂಲ ಕಾರ್ಡನ್ನು ಲಕೋಟೆಗೆ ಹಾಕಿ ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಿ, ಯಾವಾಗ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಪಟ್ಟಿಯನ್ನು ಲಕೋಟೆಯ ಮೇಲೇ ಬರೆಯುತ್ತಾ ಹೋಗಿ. ಕತ್ತರಿಸುವುದು, ಬೆಳಕು ಹೆಚ್ಚಿಸುವುದು ಏನಿದ್ದರೂ ಪ್ರತಿಯ ಮೇಲೆ.

ವಾಹನ ಹಿಂಬಾಲಿಸುವುದು ಒಂಟಿ ಕಾರಿನಲ್ಲಿ ಅರ್ಧಕ್ಕರ್ಧ ಅದೃಷ್ಟದ ಕೆಲಸ. ಒಂದು ನಿಮಿಷದ ಕೆಂಪು ದೀಪಕ್ಕೆ ಸಿಕ್ಕಿಕೊಂಡರೆ, ಗಂಟೆಗೆ 40 ಕಿ.ಮೀ. ವೇಗದಲ್ಲಿ ಮುಂದೆ ಹೋದವರು 650 ಮೀಟರಿಗೂ ಆಚೆ ಇರುತ್ತಾರೆ, ನಡುವೆ ನಾಲ್ಕೈದು ತಿರುವು. ಆದ್ದರಿಂದ ಸಿಗ್ನಲ್ ಹತ್ತಿರ ಬರುತ್ತಿದ್ದಂತೆ ಅಂತರ ಕಡಿಮೆ ಮಾಡಿ, ದಾಟಿದ ಮೇಲೆ ಮತ್ತೆ ಬಿಟ್ಟುಕೊಡಿ. ನಡುವೆ ಒಂದೆರಡು ವಾಹನಗಳಿರಲಿ, ಹೆದ್ದಾರಿಯಲ್ಲಿ ಇನ್ನೂ ಹಿಂದಿರಿ. ಎರಡು ಕಾರುಗಳಿದ್ದರೆ ಕೆಲವು ತಿರುವುಗಳಿಗೊಮ್ಮೆ ನಿಮ್ಮ ಮುಂದಿನ ಕಾರು ನೇರ ಹೋಗಿ, ಹಿಂದಿನ ಕಾರು ಸಬ್ಜೆಕ್ಟ್ ಹಿಂದೆ ತಿರುಗಬೇಕು. ಸಬ್ಜೆಕ್ಟ್ ಅಕಾರಣವಾಗಿ ಬ್ಲಾಕ್ ಸುತ್ತಿ ಅದೇ ಜಾಗಕ್ಕೆ ಬರುವುದು, ದಿಢೀರ್ ಯು-ಟರ್ನ್, ಖಾಲಿ ರಸ್ತೆಯಲ್ಲಿ ನಿಧಾನವಾಗುವುದು, ಇವೆಲ್ಲ ಸಂಶಯ ಬಂದಿರುವುದರ ಗುರುತು. ಕೂಡಲೇ ಬಿಟ್ಟುಬಿಡಿ. ಇವತ್ತು ಕೈತಪ್ಪಿದವರು ನಾಳೆ ಅದೇ ಮನೆಯಿಂದ ಹೊರಬರುತ್ತಾರೆ. ಒಮ್ಮೆ ನಿಮ್ಮನ್ನು ಗುರುತಿಸಿದರೆ ವಾರಗಟ್ಟಲೆ ಎಚ್ಚರವಾಗಿರುತ್ತಾರೆ, ಆ ಕಾರು, ಆ ಮುಖ ಎರಡೂ ಆ ಕೇಸಿಗೆ ಮತ್ತೆ ಬಾರವು. ಕೆಂಪು ದೀಪ ಹಾರಿಸಿ, ವೇಗಮಿತಿ ಮೀರಿ ಹಿಡಿಯಬೇಕಾದ ಸಬ್ಜೆಕ್ಟ್ ಯಾರೂ ಇಲ್ಲ. ರಸ್ತೆಯಲ್ಲಿ ಮಕ್ಕಳು ದಾಟುತ್ತಿರುತ್ತಾರೆ.

ಕಾಲ್ನಡಿಗೆಯಲ್ಲಿ ಎದುರು ಬದಿಯ ಫುಟ್‌ಪಾತ್ ಒಳ್ಳೆಯದು. ಸದ್ದಾಗದ ಚಪ್ಪಲಿ ಅಥವಾ ಶೂ, ಬದಲಿಸಲು ಬೇರೆ ಬಣ್ಣದ ಮೇಲಂಗಿ, ಟೋಪಿ. ಅವರು ತಿರುಗಿ ನೋಡಿದರೆ ನಿಲ್ಲಬೇಡಿ, ಅದೇ ನಡಿಗೆಯಲ್ಲಿ ದಾಟಿ ಹೋಗಿ. ಗಂಡು ಹೆಣ್ಣು ಇಬ್ಬರ ತಂಡವನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. 1850ರ ಸುಮಾರಿಗೆ ಷಿಕಾಗೊದಲ್ಲಿ ತನ್ನ ಸಂಸ್ಥೆ ಕಟ್ಟಿದ ಅಲನ್ ಪಿಂಕರ್ಟನ್ 1856ರಲ್ಲಿ ಕೇಟ್ ವಾರ್ನ್ ಎಂಬಾಕೆಯನ್ನು ಪತ್ತೇದಾರಿಣಿಯಾಗಿ ಸೇರಿಸಿಕೊಂಡರು. ಗಂಡಸರಿಗೆ ತೆರೆಯದ ಬಾಗಿಲುಗಳನ್ನು ಆಕೆ ತೆರೆಸಿದರು. ಇಂದಿಗೂ ಮಹಿಳೆಯರ ಕೊರತೆ ಈ ವೃತ್ತಿಯ ದೊಡ್ಡ ದೌರ್ಬಲ್ಯ ಎಂದು ಎಷ್ಟು ಹೇಳಿದರೂ ಸಾಲದು.

ಸಾಕ್ಷಿಗಳನ್ನು ಮಾತಾಡಿಸುವುದು ಈ ಕಸುಬಿನ ಅತಿ ಸೂಕ್ಷ್ಮ ಭಾಗ. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕಾಣಿ. ಒಟ್ಟಿಗೆ ಕೂರಿಸಿದರೆ ಗಟ್ಟಿಯಾಗಿ ಮಾತಾಡುವವರ ನೆನಪೇ ಉಳಿದವರ ನೆನಪೂ ಆಗುತ್ತದೆ. ‘ಕೆಂಪು ಕಾರು ಜೋರಾಗಿ ಬಂತಲ್ಲವೇ?’ ಎಂದು ಕೇಳಿದರೆ ಕಾರಿನ ಬಣ್ಣವನ್ನೂ ವೇಗವನ್ನೂ ನೀವೇ ಕೊಟ್ಟಂತಾಯಿತು. ‘ಆವತ್ತು ಏನು ಕಂಡಿರಿ, ಮೊದಲಿನಿಂದ ಹೇಳಿ’ ಎಂದು ಸುಮ್ಮನಿರಿ. ಅವರು ನಿಲ್ಲಿಸಿದಾಗಲೂ ಸ್ವಲ್ಪ ಹೊತ್ತು ಸುಮ್ಮನಿರಿ, ಮುಖ್ಯವಾದ ಮಾತು ಅಲ್ಲೇ ಬರುವುದು. ಆಮೇಲೆ ಎಲ್ಲಿ ನಿಂತಿದ್ದರು, ನಡುವೆ ಏನು ಅಡ್ಡವಿತ್ತು, ಬೆಳಕು ಹೇಗಿತ್ತು, ಕನ್ನಡಕ ಹಾಕಿದ್ದರೇ ಎಂದು ಕೇಳಿ, ಅವರ ಕೈಯಲ್ಲೇ ನಕ್ಷೆ ಬರೆಸಿ. ಹೇಳಿಕೆ ಅವರ ಮಾತಿನಲ್ಲೇ ಇರಲಿ, ವಕೀಲರ ಭಾಷೆ ಬೇಡ. ಪ್ರತಿ ಪುಟಕ್ಕೂ ಸಹಿ, ತಿದ್ದಿದ ಜಾಗದಲ್ಲಿ ಅವರದೇ ಕಿರುಸಹಿ. ಏನು ನೋಡಲಿಲ್ಲ ಎಂಬುದನ್ನೂ ಬರೆಸಿಕೊಳ್ಳಿ, ನಾಳೆ ಯಾರಾದರೂ ಒತ್ತಡ ಹಾಕಿ ‘ನೋಡಿದೆ’ ಎನ್ನಿಸುವುದು ಆಗ ಕಷ್ಟ. ಜೊತೆಗೆ ಇನ್ನೊಬ್ಬರು ಇದ್ದರೆ ಒಳ್ಳೆಯದು. ಸಾಕ್ಷಿ ಹೇಳಿಕೆ ತಿರುಗಿಸಿದಾಗ ಅದನ್ನು ಕೇಳಿಸಿಕೊಂಡವರು ನೀವೊಬ್ಬರೇ ಆಗಿರಬಾರದು.

ವರದಿಯನ್ನು ಅದೇ ದಿನ ಬರೆಯಿರಿ, ಎಷ್ಟೇ ಆಯಾಸವಿದ್ದರೂ. 24 ಗಂಟೆಯ ಸಮಯ, ಭೂತಕಾಲ, ಕಂಡದ್ದು ಮಾತ್ರ. ‘ಕುಡಿದಿದ್ದರು’ ಎಂಬುದು ತೀರ್ಮಾನ. ‘ನಡೆಯುವಾಗ ಎರಡು ಬಾರಿ ಗೋಡೆ ಹಿಡಿದರು’ ಎಂಬುದು ಕಂಡದ್ದು. ‘ನೋವಿಲ್ಲದೆ ಸರಾಗವಾಗಿ ಮೆಟ್ಟಿಲಿಳಿದರು’ ಎಂದು ಬರೆದರೆ, ನೋವಿಲ್ಲ ಎಂದು ನಿಮಗೆ ಹೇಗೆ ಗೊತ್ತು ಎಂಬ ಪ್ರಶ್ನೆಗೆ ಉತ್ತರವಿಲ್ಲ. ಹೀಗೆ ಬರೆದರೆ ನಿಲ್ಲುತ್ತದೆ:

09:14 – ನೀಲಿ ಅಂಗಿ ತೊಟ್ಟ ಸಬ್ಜೆಕ್ಟ್ ಮುಂಬಾಗಿಲಿನಿಂದ ಹೊರಬಂದರು. ಎಡಗೈಯಲ್ಲಿ ಚೀಲ. ಮೂರು ಮೆಟ್ಟಿಲು ಇಳಿದರು, ಕಂಬಿ ಹಿಡಿಯಲಿಲ್ಲ. (ವಿಡಿಯೋ)
09:16ರಿಂದ 09:21 – ಲಾರಿ ಅಡ್ಡ ನಿಂತಿತ್ತು, ಏನೂ ಕಾಣಲಿಲ್ಲ.
09:21 – ಸಬ್ಜೆಕ್ಟ್ ಗೇಟಿನ ಬಳಿ ನಿಂತಿದ್ದರು. ಚೀಲ ನೆಲದ ಮೇಲಿತ್ತು.

ನಡುವಿನ ಆ ಐದು ನಿಮಿಷಗಳ ಸಾಲನ್ನು ಹೊಸಬರು ಬಿಟ್ಟುಬಿಡುತ್ತಾರೆ, ಕೆಲಸ ಸರಿಯಾಗಿ ಮಾಡಿಲ್ಲ ಎಂದು ಕಂಡೀತು ಎಂಬ ಭಯಕ್ಕೆ. ಅದನ್ನು ನೀವೇ ಬರೆದರೆ ವಕೀಲರಿಗೆ ಕೇಳಲು ಏನೂ ಉಳಿಯದು. ಅವರೇ ಕಂಡುಹಿಡಿದರೆ ಉಳಿದ ಸಾಲುಗಳ ಮೇಲೂ ನೆರಳು ಬೀಳುತ್ತದೆ. ಕೈಬರಹದ ಟಿಪ್ಪಣಿಯನ್ನು ಟೈಪ್ ಮಾಡಿದ ಮೇಲೆ ಹರಿದುಹಾಕಬೇಡಿ. ಕಟಕಟೆಯಲ್ಲಿ ನಿಂತು ನೀವು ನೋಡಿಕೊಂಡು ಹೇಳುವ ಕಾಗದವನ್ನು ಎದುರು ಪಕ್ಷದವರು ತಮಗೂ ತೋರಿಸಿ ಎಂದು ಕೇಳಬಹುದು, ಆದ್ದರಿಂದ ಆ ಪುಸ್ತಕದಲ್ಲಿ ಒಂದು ಕೇಸಿನ ವಿಷಯ ಮಾತ್ರ ಇರಲಿ, ಮನೆಯ ಸಾಮಾನಿನ ಪಟ್ಟಿ ಬೇಡ. ಪ್ರಶ್ನೆಗೆ ಎಷ್ಟು ಬೇಕೋ ಅಷ್ಟೇ ಉತ್ತರ. ನೆನಪಿಲ್ಲದಿದ್ದರೆ ನೆನಪಿಲ್ಲ ಎನ್ನಿ.

ಕೇಸು ಮುಗಿದ ಮೇಲೆ ಕಡತವನ್ನು ಸುಮ್ಮನೆ ಕಪಾಟಿಗೆ ಸೇರಿಸುವಂತಿಲ್ಲ. ಅದರಲ್ಲಿ ಸಬ್ಜೆಕ್ಟ್ ಮನೆಯ ದಿನಚರಿ ಇರುತ್ತದೆ, ಅಕ್ಕಪಕ್ಕದ ಮಕ್ಕಳ ಮುಖಗಳಿರುತ್ತವೆ, ಕೇಸಿಗೆ ಸಂಬಂಧವೇ ಇಲ್ಲದವರ ವಾಹನ ಸಂಖ್ಯೆಗಳಿರುತ್ತವೆ. ಮಕ್ಕಳ ಮುಖವನ್ನು ಕ್ಲೈಂಟ್‌ಗೆ ಕೊಡುವ ಪ್ರತಿಯಲ್ಲಿ ಮಸುಕಾಗಿಸಿ. ಮೇಲ್ಮನವಿಯ ಅವಧಿ ಮುಗಿಯುವವರೆಗೆ, ಅಥವಾ ನಿಮ್ಮಲ್ಲಿನ ಕಾನೂನು ಹೇಳುವಷ್ಟು ಕಾಲ, ಎನ್‌ಕ್ರಿಪ್ಟ್ ಮಾಡಿದ (ಪಾಸ್‌ವರ್ಡ್ ಇಲ್ಲದೆ ಓದಲಾಗದ) ಡಿಸ್ಕಿನಲ್ಲಿ ಇಡಿ. ಅಳಿಸಬೇಕಾದ ದಿನಾಂಕವನ್ನು ಕಡತದ ಮೊದಲ ಪುಟದಲ್ಲೇ ಬರೆದಿಡಿ. ಆ ದಿನ ಬಂದಾಗ ಎರಡೂ ಪ್ರತಿಗಳನ್ನು, ಫೋನಿನಲ್ಲೋ ಇಮೇಲಿನಲ್ಲೋ ಉಳಿದ ತುಣುಕುಗಳನ್ನು ಸೇರಿಸಿ ಅಳಿಸಿ, ಅಳಿಸಿದ್ದನ್ನು ದಿನಾಂಕ ಹಾಕಿ ನಮೂದಿಸಿ. ಕಾಗದಗಳನ್ನು ಶ್ರೆಡ್ಡರ್‌ಗೆ ಹಾಕಿ, ಕ್ಲೈಂಟ್ ಕೊಟ್ಟ ಮೂಲ ಫೋಟೋ, ದಾಖಲೆಗಳನ್ನು ರಸೀದಿ ಪಡೆದು ಹಿಂದಿರುಗಿಸಿ.